ಪಟ ಹಾಕೋಣ, ಲೆಕ್ಕ ಮರೆಯೋದು ಬೇಡ

(ಕಂಪ್ಲಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳು ಕರೆದಿದ್ದ ಸಭೆಯಲ್ಲಿ ಆಡಿದ ಮಾತು. ಆಡಿದ್ದನ್ನು ಆದಷ್ಟೂ ಹಾಗೆಯೇ ಬರೆದಿದೆ.)



ನಾನು ಇತಿಹಾಸದ ಮೇಷ್ಟ್ರಲ್ಲ. ಬಿ.ಎ. ಮುಗಿಸಿ ನಾಲ್ಕು ಪದ್ಯ ಬರೆದುಕೊಂಡು ತಿರುಗುವವನು. ಆದರೂ ನನ್ನನ್ನೇ ಕರೆದಿದ್ದೀರಿ. ಕಾರಣ ಏನಂತ ಕೇಳಿದಾಗ ಗೊತ್ತಾಯ್ತು, ಇಲ್ಲಿ ಒಂದು ಜಗಳ ಆಗಿದೆ. ಊಟದ ಹಾಲಿನಲ್ಲಿ ಬಾಬಾಸಾಹೇಬರ ಪಟದ ಪಕ್ಕ ನಾಲ್ವಡಿ ಕೃಷ್ಣರಾಜ ಒಡೆಯರ ಪಟ ಹಾಕಬೇಕು ಅಂತ ಒಂದು ಗುಂಪು. ರಾಜರ ಪಟ ನಮಗ್ಯಾಕೆ, ತಲೆ ಬಗ್ಗಿಸಿದ್ದು ಸಾಲದಾ ಅಂತ ಇನ್ನೊಂದು ಗುಂಪು. ಮಾತಿಗೆ ಮಾತು ಬೆಳೆದು ಒಂದು ದಿನ ಇಬ್ಬರು ಊಟವನ್ನೇ ಬಿಟ್ಟರಂತೆ. ಊಟ ಬಿಡಬೇಡಿ ಗೆಳೆಯರೆ. ಹಾಸ್ಟೆಲ್ ಊಟ ಹೇಗೇ ಇರಲಿ, ಅದನ್ನು ಗೆಲ್ಲೋದಕ್ಕೆ ಎರಡು ತಲೆಮಾರು ಬೇಕಾಯ್ತು.

ಜಗಳಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಒಬ್ಬ ಪಿ.ಯು.ಸಿ. ಹುಡುಗನ ಪ್ರಶ್ನೆ. ಹೆಸರು ಹೇಳುವುದಿಲ್ಲ, ಇಲ್ಲೇ ಕೂತಿದ್ದಾನೆ. ಅವನು ಕೇಳಿದ್ದು ಇಷ್ಟು: "ಅಣ್ಣಾ, ಕಾಲೇಜ್ನಾಗ ನನ್ನ ಬೆಂಚಿನವ ನಿಮ್ಮ ಸೀಟು ಯಾರೋ ಹಾಕಿದ ಭಿಕ್ಷೆ ಅಂದ. ನಾನು, ಯಾರೋ ಅಲ್ಲಲೇ, ಮೈಸೂರು ಮಹಾರಾಜ್ರು ಕೊಟ್ಟಿದ್ದು ಅಂದೆ. ಸರಿ ಹೇಳಿದ್ನಾ?"

ಸರಿ ಹೇಳಿದ್ನಾ? ಇವತ್ತು ನಾನು ಮಾತಾಡೋದೆಲ್ಲ ಈ ಒಂದು ಪ್ರಶ್ನೆಗೆ ಉತ್ತರ.

ಮೊದಲು ನಾವು ಎಲ್ಲಿ ನಿಂತಿದ್ದೇವೆ ನೋಡೋಣ. ನಾಲ್ವಡಿಯವರು ನಮ್ಮ ಕಂಪ್ಲಿಯನ್ನು ಒಂದು ದಿನವೂ ಆಳಲಿಲ್ಲ. ಬಳ್ಳಾರಿ ಸೀಮೆ 1800ರಿಂದ ಇಂಗ್ಲಿಷರ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದಾಗ ಅವರು ತೀರಿಕೊಂಡು 13 ವರ್ಷ ಆಗಿತ್ತು. ನಮ್ಮ ಹೊಳೆಯ ಆಚೆ ದಂಡೆ ಹೈದರಾಬಾದಿನ ನಿಜಾಮರದ್ದು. ನಮ್ಮ ಹಿರೀಕರು ಅದನ್ನು ಮೊಗಲಾಯಿ ಅಂತಿದ್ದರು. ಇತ್ತ ಗುಡ್ಡದ ಹಿಂದೆ ಸಂಡೂರು, ಘೋರ್ಪಡೆಯವರ ಪುಟ್ಟ ಸಂಸ್ಥಾನ. ದಕ್ಷಿಣಕ್ಕೆ ನಡೆದರೆ ಮೈಸೂರು. ಅಂದರೆ ನಮ್ಮದು ನಾಲ್ಕು ಆಳ್ವಿಕೆ ಮುಟ್ಟುವ ಊರು. ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ತೂಗಿ ನೋಡುವ ಅವಕಾಶ ಮೈಸೂರಿನವರಿಗಿಂತ ನಮಗೇ ಹೆಚ್ಚು.

ನಮ್ಮಜ್ಜಿ ತನ್ನ ಅವ್ವನಿಂದ ಕೇಳಿದ್ದನ್ನು ಹೇಳ್ತಿದ್ದಳು. ಆಕೆ ಹರಿಗೋಲು ಹತ್ತಿ ಆಚೆ ದಂಡೆಗೆ ಕಳೆ ಕೀಳೋಕೆ ಹೋಗ್ತಿದ್ದಳಂತೆ. "ಮುಂಜಾನೆ ಇಂಗ್ಲೀಷರ ರಾಜ್ಯ, ಹೊಳಿ ದಾಟಿದ್ರ ನಿಜಾಮನ ರಾಜ್ಯ, ಸಂಜಿಕೆ ಮತ್ತ ಇಂಗ್ಲೀಷರ ರಾಜ್ಯ. ಎರಡೂ ದಂಡ್ಯಾಗ ನೀರು ಮಾತ್ರ ಮೇಲಿಂದಲೇ ಹೊಯ್ತಿದ್ರು ಯಪ್ಪಾ, ಬೊಗಸಿಗೆ." ರಾಜ್ಯಕ್ಕೆ ರಾಮ ಬಂದರೂ ರಾಗಿ ಬೀಸೋದು ತಪ್ಪಲಿಲ್ಲ ಅಂತ ಗಾದೆ ಇದೆಯಲ್ಲ, ನಮ್ಮದು ರಾಗಿ ಸೀಮೆಯಲ್ಲ, ಬೀಸಿದ್ದು ಜೋಳ. ಅಷ್ಟೇ ವ್ಯತ್ಯಾಸ.

ಹಾಗಂತ ಎಲ್ಲ ರಾಜರೂ ಒಂದೇ ಅಂದುಬಿಟ್ಟರೆ ಅದು ಸೋಮಾರಿ ಮಾತಾಗುತ್ತದೆ. ವ್ಯತ್ಯಾಸ ಇತ್ತು. ಅದನ್ನು ನ್ಯಾಯವಾಗಿ ಹೇಳಬೇಕು.

ನಾಲ್ವಡಿಯವರಿಗೆ ಪಟ್ಟವಾದಾಗ, 1895ರಲ್ಲಿ, ವಯಸ್ಸು ಹತ್ತು. ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯ ನೋಡಿಕೊಂಡರು. 1902ರಲ್ಲಿ ಅಧಿಕಾರ ಇವರ ಕೈಗೆ ಬಂತು. 1940ರ ಆಗಸ್ಟ್ 3ರಂದು ತೀರಿಕೊಂಡರು. ಕೈಯಲ್ಲಿ ಅಧಿಕಾರ ಹಿಡಿದೇ 38 ವರ್ಷ. ಇಷ್ಟು ಕಾಲದಲ್ಲಿ ಏನೇನಾಯ್ತು? 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ 1931ರ ಹೊತ್ತಿಗೆ ಮುಗಿಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. 1913ರಲ್ಲೇ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾಯಿದೆ. ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸುವ ಆಜ್ಞೆ 1909ರಲ್ಲಿ. ಹಿಂದೂ ಹೆಂಗಸರಿಗೆ ಆಸ್ತಿಯಲ್ಲಿ ಹಕ್ಕು ಕೊಡುವ ಕಾಯಿದೆ 1933ರಲ್ಲಿ. ಇವೆಲ್ಲ ಸಣ್ಣ ಕೆಲಸಗಳಲ್ಲ. ಹೊಳೆಯಾಚೆಯ ಮೊಗಲಾಯಿಯಲ್ಲಿ ಅದೇ ಕಾಲಕ್ಕೆ ಬಿಟ್ಟಿ ಚಾಕರಿ ನಡೆಯುತ್ತಿತ್ತು. ಅಲ್ಲಿನ ಕೊನೆಯ ನಿಜಾಮರೂ 1911ರಿಂದ 1948ರವರೆಗೆ, 37 ವರ್ಷ ಆಳಿದವರೇ. ಅವರೂ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಕಟ್ಟಿದರು. ಪಾಠ ಉರ್ದುವಿನಲ್ಲಿ. ಆಚೆ ದಂಡೆಯ ಕನ್ನಡ ಮಾತಾಡುವ ಮಾದಿಗರ ಹುಡುಗ ಅದರ ಬಾಗಿಲಿಗೆ ಹೋಗುವ ದಾರಿ ಎಲ್ಲಿತ್ತು?

ಮೈಸೂರಿನಲ್ಲಿ ನಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು 1910ರ ದಶಕದಲ್ಲಿ ಸರ್ಕಾರ ಹೇಳಿತು. ಆಗ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿಕೊಂಡು ಹೋದ ಊರುಗಳಿವೆ. ಸರ್ಕಾರ ಆಜ್ಞೆ ಹಿಂದೆಗೆದುಕೊಳ್ಳಲಿಲ್ಲ. ಆ ಗಟ್ಟಿತನಕ್ಕೆ ಮರ್ಯಾದೆ ಸಲ್ಲಬೇಕು. ಪಂಚಮರಿಗೆಂದು ಬೋರ್ಡಿಂಗ್ ಶಾಲೆಗಳಾದವು. ಗೋಪಾಲಸ್ವಾಮಿ ಅಯ್ಯರಂಥವರು ತಮ್ಮ ಜಾತಿಯವರ ಬೈಗುಳ ತಿಂದುಕೊಂಡು ನಮ್ಮ ಹುಡುಗರ ಹಾಸ್ಟೆಲ್‌ಗಳಿಗೆ ದುಡಿದರು. ನೀವು ಇವತ್ತು ಮಲಗುವ ಹಾಸ್ಟೆಲಿನ ಅಜ್ಜ ಮುತ್ತಜ್ಜ ಅಂಥ ಮನೆಗಳೇ.

ಈಗ ಮೀಸಲಾತಿಗೆ ಬರೋಣ. ನಮ್ಮ ತಮ್ಮನ ಪ್ರಶ್ನೆ ಇರೋದೇ ಅಲ್ಲಿ.

ಮಹಾರಾಜರು ಒಂದು ಬೆಳಿಗ್ಗೆ ಎದ್ದು ಕರುಣೆ ಉಕ್ಕಿ ಮೀಸಲಾತಿ ಕೊಟ್ಟರು ಅಂತ ನಾವು ತಿಳಿದಿದ್ದೇವೆ. ಹಾಗೆ ಆಗಲಿಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಅಂತ ಒಂದು ಸಂಘಟನೆ ಹುಟ್ಟಿತು. ಅದರಲ್ಲಿ ಇದ್ದವರು ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು, ಇತರ ಬ್ರಾಹ್ಮಣೇತರ ಮುಖಂಡರು. ಸರ್ಕಾರಿ ನೌಕರಿ ಹೆಚ್ಚುಪಾಲು ಬ್ರಾಹ್ಮಣರ ಕೈಯಲ್ಲಿದೆ, ತೆರಿಗೆ ಕಟ್ಟುವವರು ನಾವು, ಕುರ್ಚಿಯಲ್ಲಿ ಕೂರುವವರು ಅವರು, ನಮ್ಮ ಪಾಲು ಎಲ್ಲಿ ಅಂತ ಇವರು ಮಹಾರಾಜರ ಮುಂದೆ ಹೋಗಿ ಕೇಳಿದರು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಯಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಜಾತಿ ನೋಡಿ ಕೆಲಸ ಕೊಟ್ಟರೆ ಯೋಗ್ಯತೆ ಕೆಡುತ್ತದೆ ಅನ್ನುವುದು ಅವರ ನಿಲುವು. ಅವರು ದಿವಾನಗಿರಿ ಬಿಟ್ಟರು, ಕಾಂತರಾಜ ಅರಸರು ಬಂದರು. ಕಟ್ಟೆ ಕಟ್ಟಿದ ಅಷ್ಟು ದೊಡ್ಡ ಇಂಜಿನಿಯರನ್ನು ಬಿಟ್ಟುಕೊಟ್ಟರೂ ಸಮಿತಿಯನ್ನು ಬಿಟ್ಟುಕೊಡಲಿಲ್ಲ ಅನ್ನುವುದು ಮಹಾರಾಜರ ಪರವಾಗಿ ಬರೆಯಬೇಕಾದ ಮಾತು. 1919ರಲ್ಲಿ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಬರುವಂತೆ ಮಾಡಬೇಕು ಅಂತ. 1921ರಲ್ಲಿ ಸರ್ಕಾರದ ಆಜ್ಞೆಯಾಯಿತು.

ಇದಕ್ಕಿಂತ ಮೊದಲೇ 1902ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಅರ್ಧ ಹುದ್ದೆ ಹಿಂದುಳಿದವರಿಗೆ ಇಟ್ಟಿದ್ದರು. ನಮ್ಮ ಮದ್ರಾಸಿನಲ್ಲಿ ಜಸ್ಟಿಸ್ ಪಕ್ಷದವರು 1920ರ ದಶಕದಲ್ಲಿ ಅದೇ ಹಾದಿ ಹಿಡಿದರು. ಆ ಕಾಲವೇ ಹಾಗೆ ಕೇಳುವ ಕಾಲವಾಗಿತ್ತು.

ಇಲ್ಲಿ ಎರಡು ಮಾತು ಗಮನಿಸಿ.

ಒಂದು, ಮೈಸೂರಿನಲ್ಲಿ ಮೊದಲು ಮೀಸಲಾತಿ ಕೇಳಿದವರು ನಾವಲ್ಲ. ಹೊಲ ಗದ್ದೆ ಇದ್ದವರು, ಗೌಡಿಕೆ ಇದ್ದವರು, ಮಠ ಇದ್ದವರು ಕೇಳಿದರು. ಕೇಳಿದ್ದು ತಪ್ಪಲ್ಲ, ನ್ಯಾಯ. ಆದರೆ ಆಗ ಅದು ಹಕ್ಕಾಗಿತ್ತು, ನಮ್ಮ ಕೈಗೆ ಬಂದ ಕೂಡಲೇ ಭಿಕ್ಷೆ ಹೇಗಾಯ್ತು? ತಮ್ಮಾ, ನಿನ್ನ ಬೆಂಚಿನವನ ಮುತ್ತಜ್ಜ ಬಹುಶಃ ನಿನ್ನ ಮುತ್ತಜ್ಜನಿಗಿಂತ ಮೊದಲು ಈ ಸಾಲಿನಲ್ಲಿ ನಿಂತಿದ್ದ. ಅವನಿಗೆ ಇದನ್ನು ಜಗಳವಾಡದೆ, ತಣ್ಣಗೆ ತಿಳಿಸು.

ಎರಡು, ಆ ಸಾಲಿನಲ್ಲಿ ಬ್ರಾಹ್ಮಣೇತರರೆಲ್ಲ ಒಂದೇ ರಾಶಿ. ನೂರು ಎಕರೆಯವನೂ, ಸತ್ತ ದನ ಹೊರುವವನೂ ಒಂದೇ ರಾಶಿ. ಆ ರಾಶಿಯಿಂದ ಮೊದಲು ಆರಿಸಿಕೊಳ್ಳುವವರು ಯಾರು? ಆಗಲೇ ಓದಿದವರು. ಓದಿದವರು ಯಾರು? ಶಾಲೆಯ ಜಗಲಿಯ ಮೇಲೆ ಕೂರಲು ಬಿಟ್ಟವರು. ನಮ್ಮವರು ಇನ್ನೂ ಅಂಗಳದಲ್ಲಿದ್ದರು. ಪ್ರಜಾಪ್ರತಿನಿಧಿ ಸಭೆ 1881ರಿಂದಲೂ ಇತ್ತು, 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು, 1923ರಲ್ಲಿ ಸುಧಾರಣೆಯೂ ಆಯಿತು. ಆದರೆ ಓಟು ಇದ್ದದ್ದು ಕಂದಾಯ ಕಟ್ಟುವವನಿಗೆ, ಆಸ್ತಿ ಓದು ಇದ್ದವನಿಗೆ. ಭೂಮಿ ಇಲ್ಲದವನಿಗೆ ಕಂದಾಯ ಎಲ್ಲಿಂದ ಬರಬೇಕು? ನಮ್ಮ ಪರವಾಗಿ ಮಾತಾಡಲು ಸರ್ಕಾರವೇ ಒಬ್ಬಿಬ್ಬರನ್ನು ನೇಮಿಸುತ್ತಿತ್ತು. ನೇಮಕವಾದವನ ದನಿ ನೇಮಿಸಿದವನ ದನಿಗಿಂತ ಎಷ್ಟು ಮೇಲೇಳುತ್ತದೆ?

ಇನ್ನು 'ಕೊಟ್ಟರು' ಅನ್ನುವ ಮಾತು. ಶಾಲೆಗೆ ಕಟ್ಟೆಗೆ ದುಡ್ಡು ಎಲ್ಲಿಂದ ಬಂತು ಯೋಚನೆ ಮಾಡಿ. ಮೈಸೂರು ಸರ್ಕಾರದ ಬೊಕ್ಕಸಕ್ಕೆ ಕೋಲಾರದ ಚಿನ್ನದ ರಾಜಧನ ಬರುತ್ತಿತ್ತು. ಆ ಗಣಿ ನಡೆಸಿದ್ದು ಇಂಗ್ಲಿಷ್ ಕಂಪನಿ. ನೆಲದೊಳಗೆ ಇಳಿದು, ಬಂಡೆ ಒಡೆದು, ಎದೆಗೆ ಧೂಳು ತುಂಬಿಕೊಂಡು ಸತ್ತವರು ಯಾರು? ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ನಮ್ಮ ಜನವೇ. ಹೀಗಾಗಿ ಆ ಬೊಕ್ಕಸದಲ್ಲಿ ನಮ್ಮ ಬೆವರೂ ಇತ್ತು. ನಮ್ಮದನ್ನೇ ಸ್ವಲ್ಪ ನಮಗೆ ವಾಪಸು ಕೊಟ್ಟರೆ ಅದನ್ನು ದಾನ ಅನ್ನುತ್ತೀರಾ? ನಮ್ಮ ತುಂಗಭದ್ರಾ ಡ್ಯಾಮಿನ ಕಥೆಯೂ ಅಷ್ಟೇ. 1945ರಲ್ಲಿ ಶುರುವಾಗಿ 1953ರಲ್ಲಿ ನೀರು ಬಿಟ್ಟಾಗ ಕಲ್ಲು ಮಣ್ಣು ಹೊತ್ತವರ ಎಷ್ಟು ಮನೆಗೆ ಗದ್ದೆ ಬಂತು? ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಇವತ್ತಿಗೂ ನಾಟಿ ಹಾಕುವ ಕೈಗಳು ಯಾರವು, ಪಹಣಿಯಲ್ಲಿರುವ ಹೆಸರುಗಳು ಯಾರವು? ನಾಳೆ ನಿಮ್ಮ ಊರಿಗೆ ಹೋದಾಗ ನೋಡಿ ಬನ್ನಿ.

ರಾಜರ ಒಳ್ಳೆಯತನ ಎಲ್ಲಿಯವರೆಗೆ ತಲುಪುತ್ತದೆ ಅನ್ನೋದಕ್ಕೆ ಬಾಬಾಸಾಹೇಬರ ಬಾಳೇ ಸಾಕ್ಷಿ. ಬರೋಡದ ಸಯಾಜಿರಾವ್ ಗಾಯಕವಾಡರು ದೊಡ್ಡ ಮನಸ್ಸಿನ ರಾಜರು. 1875ರಿಂದ 1939ರವರೆಗೆ ಆಳಿದರು. ಅವರ ವಿದ್ಯಾರ್ಥಿವೇತನದಿಂದಲೇ 1913ರಲ್ಲಿ ಬಾಬಾಸಾಹೇಬರು ಅಮೆರಿಕಕ್ಕೆ ಓದಲು ಹೋದದ್ದು. ಋಣ ತೀರಿಸಲು 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದರು. ಬಂದರೆ ಊರಿನಲ್ಲಿ ಇರಲು ಒಂದು ಕೋಣೆ ಇಲ್ಲ! ಪಾರ್ಸಿಗಳ ಛತ್ರದಲ್ಲಿ ಜಾತಿ ಮುಚ್ಚಿಟ್ಟುಕೊಂಡು ಇದ್ದರು. ಗೊತ್ತಾದ ದಿನ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಮಹಾರಾಜರ ಕೈ ನ್ಯೂಯಾರ್ಕಿನವರೆಗೆ ಚಾಚಿತು, ತಮ್ಮದೇ ಊರಿನ ಛತ್ರದ ಚಿಲಕ ತೆಗೆಯಲು ಆಗಲಿಲ್ಲ.

ನೂರು ವರ್ಷದ ಹಿಂದಿನ ಮಾತು ಅಂತೀರಾ? ಬಿ.ಎ. ಮುಗಿಸಿ ನಾನು ಹೊಸಪೇಟೆಯಲ್ಲಿ ಕೋಣೆ ಹುಡುಕಿದೆ. 'ಬಾಡಿಗೆಗೆ ಇದೆ' ಅಂತ ಬೋರ್ಡು. ಮನೆಯ ಯಜಮಾನ ನೀರು ಕೊಟ್ಟ, ಓದು ಕೇಳಿದ, ಪದ್ಯ ಬರೀತೀನಿ ಅಂದದ್ದಕ್ಕೆ ಸಂತೋಷಪಟ್ಟ. ಆಮೇಲೆ ಮೆಲ್ಲಗೆ, "ನೀವು ಯಾವ ಪೈಕಿ?" ಹೇಳಿದೆ. "ಅಯ್ಯೋ, ನಮ್ಮಣ್ಣನ ಮಗ ಬರ್ತಾನೆ ಅಂದಿದ್ದ, ಮರೆತೇಬಿಟ್ಟಿದ್ದೆ" ಅಂದ. ಒಂದು ತಿಂಗಳು ಆ ದಾರಿಯಲ್ಲಿ ಓಡಾಡಿದೆ. ಬೋರ್ಡು ಹಾಗೇ ಇತ್ತು. ಅಣ್ಣನ ಮಗ ಬರಲೇ ಇಲ್ಲ.

ಹತ್ತಿರದ ಸಂಡೂರನ್ನೂ ನೋಡೋಣ. ಯಶವಂತರಾವ್ ಘೋರ್ಪಡೆಯವರು 1928ರಿಂದ ಆಳಿದರು. 1932ರಲ್ಲೇ ಅವರು ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ನಮ್ಮವರಿಗೆ ತೆರೆಸಿದರು. ತಿರುವಾಂಕೂರಿನ ರಾಜರು ತೆರೆದದ್ದು 1936ರಲ್ಲಿ, ಅದಕ್ಕಿಂತ ಮೊದಲು. ಗಾಂಧಿಯವರೂ ಮೆಚ್ಚಿಕೊಂಡರು. ಒಳ್ಳೆಯದು. ಸಂಸ್ಥಾನ 1949ರಲ್ಲಿ ಮದ್ರಾಸಿನಲ್ಲಿ ಸೇರಿಹೋಯಿತು. ಆದರೆ 1973ರಲ್ಲಿ ಅದೇ ಸಂಡೂರಿನ ಗೇಣಿ ರೈತರು ಸಮಾಜವಾದಿಗಳ ಜೊತೆ ಸೇರಿ, ಉಳುವ ಭೂಮಿ ನಮ್ಮದು ಅಂತ ಬೀದಿಗೆ ಇಳಿದು ಜೈಲಿಗೆ ಹೋಗಬೇಕಾಯ್ತು. ದೇವರ ಬಾಗಿಲು ರಾಜಾಜ್ಞೆಯಿಂದ ತೆರೆಯಿತು. ಭೂಮಿಗೆ ಮಾತ್ರ ಜನವೇ ಏಳಬೇಕಾಯ್ತು. ದೇವರ ಮುಂದೆ ನಿಲ್ಲಲು ಬಿಡುವುದು ಸುಲಭ ಗೆಳೆಯರೆ, ಹೊಲದಲ್ಲಿ ಪಾಲು ಕೊಡುವುದು ಕಷ್ಟ.

ನಾವಿದ್ದ ಮದ್ರಾಸಿನಲ್ಲೂ ಕಾಗದದ ಮೇಲೆ ಕಡಿಮೆಯೇನಿರಲಿಲ್ಲ. ಸಾರ್ವಜನಿಕ ರಸ್ತೆ, ಬಾವಿ, ಕೆರೆ ಎಲ್ಲರಿಗೂ ಅಂತ 1924ರಲ್ಲೇ ಶಾಸನಸಭೆಯಲ್ಲಿ ನಿರ್ಣಯವಾಯಿತು. ತಂದವರು ನಮ್ಮವರೇ ಆದ ರೆಟ್ಟಮಲೈ ಶ್ರೀನಿವಾಸನ್. ನಮ್ಮಜ್ಜಿಯ ಅವ್ವನ ಬೊಗಸೆಗೆ ಆ ನಿರ್ಣಯ ಬಂದು ಸೇರಲಿಲ್ಲ. ದೇವದಾಸಿ ಪದ್ಧತಿ ಬೇಡವೆಂದು ಮೈಸೂರು 1909ರಲ್ಲಿ, ಮದ್ರಾಸು 1947ರಲ್ಲಿ, ಕರ್ನಾಟಕ 1982ರಲ್ಲಿ ಹೇಳಿತು. ಮೂರು ಸಲ ಹೇಳಬೇಕಾಯ್ತು ಅಂದರೆ ಏನರ್ಥ? ಹೊಸಪೇಟೆ, ಸಂಡೂರು, ಕೂಡ್ಲಿಗಿಯ ಕೇರಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರನ್ನು ನಾವೇ ನೋಡಿದ್ದೇವೆ. ಇಲ್ಲಿ ಕೂತಿರುವ ಕೆಲವರ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇದೆ. ಅದನ್ನು ನೋಡಿ ಗುಮಾಸ್ತ ನಕ್ಕರೆ ತಲೆ ತಗ್ಗಿಸಬೇಡಿ. ನಾಚಿಕೆ ಪಡಬೇಕಾದವರು ಬೇರೆ.

ಮತ್ತೆ ಮೈಸೂರಿಗೆ ಬರುತ್ತೇನೆ. ರಾಜರ್ಷಿ ಅಂತ ಕರೆಸಿಕೊಂಡ ಅದೇ ಮಹಾರಾಜರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1938ರ ಏಪ್ರಿಲ್‌ನಲ್ಲಿ ಜನ ಶಿವಪುರದಲ್ಲಿ ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಗುಂಡು ಹಾರಿತು, ಹೆಣ ಬಿದ್ದವು. ಕೊಡುವ ಕೈ ಕೇಳುವ ಕೈಯನ್ನು ಒಂದು ಮಟ್ಟದವರೆಗೇ ಸಹಿಸುತ್ತದೆ. ಜವಾಬ್ದಾರಿ ಸರ್ಕಾರ ಮೈಸೂರಿಗೆ ಬಂದದ್ದು ಅವರು ಹೋಗಿ ಏಳು ವರ್ಷದ ಮೇಲೆ, 1947ರಲ್ಲಿ, ಅದೂ ಜನ ಅರಮನೆಯ ಕಡೆ ನಡೆದ ಮೇಲೆ. ಇನ್ನು ಅವರ ಅದೇ ಮೈಸೂರಿನಲ್ಲಿ 1973ರಲ್ಲಿ ಏನಾಯ್ತು? ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದ ಒಂದು ಮಾತಿಗೆ ಮಂತ್ರಿಗಿರಿ ಹೋಯಿತು, ನಮ್ಮ ಹುಡುಗರ ಮೇಲೆ ಹಲ್ಲೆಯಾಯಿತು. ಮಹಾರಾಜರು ಕಟ್ಟಿದ ವಿಶ್ವವಿದ್ಯಾನಿಲಯ ಇತ್ತು. ಅದರಲ್ಲಿ ಓದಿದವರು ಇದ್ದರು. ಓದು ಜಾತಿಯನ್ನು ತೊಳೆಯಲಿಲ್ಲ. ಆ ಏಟಿನಿಂದಲೇ ಹಾಸ್ಟೆಲ್ ಹುಡುಗರು ಒಂದಾದರು, ದಲಿತ ಚಳವಳಿ ಮೈ ತಿಳಿದು ಎದ್ದಿತು.

ಈಗ ಉತ್ತರ ಹೇಳುತ್ತೇನೆ.

ತಮ್ಮಾ, ನೀನು ಹೇಳಿದ್ದು ಅರ್ಧ ಸರಿ. ಮಹಾರಾಜರು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಅಡ್ಡ ನಿಂತವರನ್ನು ಸ್ವಲ್ಪ ಸರಿಸಿದರು. ಅದು ದೊಡ್ಡದೇ. ಆದರೆ ನಿನ್ನ ಸೀಟು ಮಹಾರಾಜರ ಆಜ್ಞೆಯಿಂದ ಬಂದದ್ದಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದಿಂದ ಬಂದದ್ದು. ಆಜ್ಞೆಗೂ ಸಂವಿಧಾನಕ್ಕೂ ಇರುವ ಅಂತರ ಇಷ್ಟೇ: ಆಜ್ಞೆಯನ್ನು ಕೊಟ್ಟ ರಾಜ ನಾಳೆ ಹಿಂದೆಗೆದುಕೊಳ್ಳಬಹುದು, ಅವನ ಮಗ ಬೇರೆ ಬುದ್ಧಿಯವನಾಗಬಹುದು. ಅದಕ್ಕೆ ನಾವು ಕೈಮುಗಿದುಕೊಂಡೇ ಇರಬೇಕು. ಹಕ್ಕಿಗೆ ಕೈ ಮುಗಿಯಬೇಕಾಗಿಲ್ಲ. ಅದು ಸಿಗದಿದ್ದರೆ ಕೋರ್ಟಿಗೆ ಹೋಗಬಹುದು, ಬೀದಿಗೆ ಇಳಿಯಬಹುದು. ನಿನ್ನ ಬೆಂಚಿನವನಿಗೆ ಹೇಳು: ಇದು ರಾಜ ಕೊಟ್ಟದ್ದೂ ಅಲ್ಲ, ನಿಮ್ಮಪ್ಪ ಕೊಟ್ಟದ್ದೂ ಅಲ್ಲ, ಇದು ಬಾಕಿ. ಇನ್ನೂ ಪೂರ್ತಿ ತೀರಿಲ್ಲ.

ಇನ್ನು ಪಟದ ಜಗಳ. ಹಾಕಿ, ನನ್ನ ಅಡ್ಡಿ ಇಲ್ಲ. ಬಾಬಾಸಾಹೇಬರೂ ಶಾಹು ಮಹಾರಾಜರನ್ನು ಗೌರವದಿಂದ ಕಂಡವರೇ, 1920ರಲ್ಲಿ ಮಾಣಗಾವಿಯ ಸಭೆಯಲ್ಲಿ ಅವರ ಪಕ್ಕ ಕೂತವರೇ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1927ರಲ್ಲಿ ಮಹಾಡಿನ ಕೆರೆಗೆ ಜನರನ್ನು ಕರೆದುಕೊಂಡು ಹೋದರು. ಬೊಗಸೆ ಒಡ್ಡಿ ನಿಲ್ಲದೆ ತಾವೇ ಕೆರೆಗೆ ಇಳಿದು ನೀರು ಮುಟ್ಟಿದರು. ಆದ್ದರಿಂದ ಪಟ ಹಾಕಿ, ಹೂವಿನ ಹಾರಕ್ಕೆ ದುಡ್ಡು ಕೂಡಿಸಬೇಡಿ. ಆ ದುಡ್ಡಿಗೆ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯಲ್ಲಿ ಮೊದಲು ಶಾಲೆಗೆ ಹೋದವರು ಯಾರು, ಎಲ್ಲಿ ಕೂರಿಸಿದ್ದರು, ಯಾಕೆ ಬಿಟ್ಟರು, ಮೊದಲು ಹತ್ತನೇ ಕ್ಲಾಸು ಪಾಸಾದ ಹೆಣ್ಣುಮಗಳು ಯಾರು, ಕೇಳಿ ಬರೆದುಕೊಂಡು ಬನ್ನಿ. ರಾಜರ ಆಳ್ವಿಕೆಯ ಬಗ್ಗೆ ಗೆಜೆಟಿಯರುಗಳಿವೆ, ನಮ್ಮ ಮುತ್ತಜ್ಜಿಯರ ಬಗ್ಗೆ ಒಂದು ಪುಟವೂ ಇಲ್ಲ. ಹೇಳುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಮ್ಮಜ್ಜಿಯೂ ಹೋದಳು. ಇನ್ನೂ ಕೇಳಬೇಕಾದದ್ದು ಬಹಳ ಇತ್ತು.

ಆ ನೋಟ್‌ಬುಕ್ಕನ್ನು ಎರಡು ಪಟಗಳ ಕೆಳಗೆ ಇಡಿ. ಬಂದವರು ಓದಲಿ. ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ಒಂದು ಪುಟವಾದರೂ ತುಂಬಿಸಿಕೊಂಡು ಬನ್ನಿ. ನಾನೂ ನಮ್ಮಜ್ಜಿಯ ಪುಟ ಬರೆದು ತರುತ್ತೇನೆ.

ಈಗ ಏಳಿ, ಊಟದ ಗಂಟೆ ಹೊಡೆದು ಬಹಳ ಹೊತ್ತಾಯ್ತು. ಜಗಳವಾಡಿದ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಬಡಿಸುವವನು ನಾನು.

ಜೈ ಭೀಮ್.